ತಾಯ್ನಾಡು ಬೇಡ ಅಂದ ಡಾಕ್ಟರನ್ನು ಮೈಸೂರು ಸೀಮೆ ಇಂಗ್ಲೆಂಡಿಗೆ ಕಳಿಸಿತು: ಡಾ. ಪಲ್ಪು ಅವರ ಬದುಕು

ನರಸಾಪುರ: ನೀಟ್ ರಿಸಲ್ಟ್ ಬಂದ ವಾರ ನಮ್ಮ ಹೆದ್ದಾರಿ ಪಕ್ಕದ ಟೀ ಅಂಗಡಿಗಳಲ್ಲಿ ಕೂತರೆ ಕಿವಿಗೆ ಬೀಳೋ ಮಾತು ಹೆಚ್ಚು ಕಡಿಮೆ ಒಂದೇ. ಸರ್ಕಾರಿ ಸೀಟು ಸಿಗಲಿಲ್ಲ, ಪ್ರೈವೇಟ್ ಕಾಲೇಜಿನ ಫೀಸು ಕೈಗೆಟುಕಲ್ಲ, ರಷ್ಯಾಕ್ಕೋ ಜಾರ್ಜಿಯಾಕ್ಕೋ ಕಳಿಸೋಣವಾ ಅಂತ ಅಪ್ಪಂದಿರು ಲೆಕ್ಕ ಹಾಕ್ತಿರ್ತಾರೆ. ಎಷ್ಟು ಲಕ್ಷ, ಯಾವ ಬ್ಯಾಂಕ್ ಲೋನು, ಯಾವ ಏಜೆಂಟು ಅನ್ನೋದರ ಸುತ್ತಲೇ ಮಾತು. ಅಲ್ಲಿ ಹೋದ ಮಗು ರೋಗಿಯ ಮಂಚದ ಪಕ್ಕ ನಿಂತು ಏನು ಕಲಿತು ಬರುತ್ತದೆ ಅಂತ ಕೇಳೋರು ಕಡಿಮೆ.

ಹೊರದೇಶಕ್ಕೆ ಹೋಗಿ ವೈದ್ಯ ಕಲಿಯೋದು ಇವತ್ತಿನ ಹೊಸ ವಿಚಾರವೇನಲ್ಲ. ಸುಮಾರು ನೂರಿಪ್ಪತ್ತೈದು ವರ್ಷದ ಹಿಂದೆ, ನಮ್ಮ ಕೋಲಾರ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಅದೇ ಸಂಸ್ಥಾನದ ಕೆಲಸದಲ್ಲಿದ್ದ ಒಬ್ಬ ಡಾಕ್ಟರು ಹೆಚ್ಚಿನ ತರಬೇತಿಗೆ ಇಂಗ್ಲೆಂಡಿಗೆ ಹೋಗಿ ಬಂದರು. ಅವರು ಈ ಕಡೆಯವರಲ್ಲ, ತಿರುವಾಂಕೂರಿನವರು. ಅವರ ಸ್ವಂತ ಊರು ಅವರಿಗೆ ಓದೋಕೂ ಬಿಡಲಿಲ್ಲ, ಓದಿದ ಮೇಲೆ ಕೆಲಸವನ್ನೂ ಕೊಡಲಿಲ್ಲ. ಅವರೇ ಡಾ. ಪದ್ಮನಾಭನ್ ಪಲ್ಪು. ಕೇರಳದಲ್ಲಿ ಮನೆಮನೆಗೂ ಗೊತ್ತಿರೋ ಹೆಸರು. ಅವರ ದುಡಿಮೆಯ ಬಹುಪಾಲು ನಡೆದದ್ದು ಮಾತ್ರ ನಮ್ಮ ಬೆಂಗಳೂರಿನಲ್ಲಿ.

ಪರೀಕ್ಷೆ ಪಾಸು, ಬಾಗಿಲು ಬಂದ್

ಪಲ್ಪು ಹುಟ್ಟಿದ್ದು 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟ ಎಂಬಲ್ಲಿ. ಪದ್ಮನಾಭ ಅನ್ನೋ ಹೆಸರನ್ನು ಮುದ್ದಿಗೆ ಕರೆಯೋ ರೂಪವೇ ಪಲ್ಪು. ಮನೆಯವರು ಈಳವ ಸಮುದಾಯದವರು. ನಮ್ಮ ಕಡೆಯ ಈಡಿಗರ ಹಾಗೆ, ಮಂಗಳೂರು ಕಡೆಯ ಬಿಲ್ಲವರ ಹಾಗೆ, ಕಳ್ಳು ಇಳಿಸೋದು, ತೆಂಗಿನ ಕೆಲಸ ಆ ಸಮುದಾಯದ ಕಸುಬು ಅಂತ ಆಗ ಎಣಿಸುತ್ತಿದ್ದರು. ಅವರಲ್ಲಿ ಆಯುರ್ವೇದ ಪಂಡಿತರು, ಸಂಸ್ಕೃತ ಬಲ್ಲವರು ಇದ್ದರೂ ಅರಮನೆಯ ಲೆಕ್ಕದಲ್ಲಿ ಅದು ಗಣನೆಗೆ ಬರುತ್ತಿರಲಿಲ್ಲ.

ಮನೆಯಲ್ಲಿ ದುಡ್ಡಿನ ಅನುಕೂಲ ಇರಲಿಲ್ಲ. ಹುಡುಗ ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಬಂದ ಕಾಸಿನಲ್ಲಿ ತನ್ನ ಓದು ನಡೆಸಿದ. 1883ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಯಿತು. ಮರುವರ್ಷ ತಿರುವಾಂಕೂರು ಸರ್ಕಾರ ವೈದ್ಯಕೀಯ ಓದಿಗೆ ಹುಡುಗರನ್ನು ಆರಿಸಲು ಪರೀಕ್ಷೆ ಇಟ್ಟಿತು. ಪಲ್ಪು ಬರೆದರು, ಮೇಲಿನ ಸಾಲಿನಲ್ಲೇ ಪಾಸಾದರು. ಆದರೆ ಸೀಟು ಸಿಗಲಿಲ್ಲ. ಕಾರಣ ಅಂಕಗಳಲ್ಲಿ ಇರಲಿಲ್ಲ, ಜಾತಿಯಲ್ಲಿತ್ತು.

ಅಣ್ಣ ವೇಲಾಯುಧನ್ ಅವರಿಗೂ ಇದೇ ಪಾಡು. ಡಿಗ್ರಿ ಮುಗಿಸಿದ್ದರೂ ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ಕೊಡಲಿಲ್ಲ. ಅವರು ಬ್ರಿಟಿಷರ ಮದ್ರಾಸ್ ಸರ್ಕಾರದ ಕೆಲಸಕ್ಕೆ ಹೋದರು. ತಮ್ಮನೂ ಅದೇ ದಾರಿ ಹಿಡಿದು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ತಿರುವನಂತಪುರಕ್ಕೆ ಆಗಿನ್ನೂ ರೈಲೇ ಬಂದಿರಲಿಲ್ಲ. ಮಗನ ಫೀಸಿಗೆ ತಾಯಿ ಮೈಮೇಲಿದ್ದ ಒಡವೆ ಮಾರಿದರು ಅಂತ ಇವತ್ತಿಗೂ ಆ ಕಡೆ ಹೇಳ್ತಾರೆ. ಮಕ್ಕಳ ಓದಿಗೆ ಮಾಂಗಲ್ಯ ಸರ ಅಡ ಇಟ್ಟ ತಾಯಂದಿರು ನಮ್ಮ ಊರಲ್ಲೂ ಇದ್ದಾರೆ, ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

1889ರಲ್ಲಿ ಪಲ್ಪು ಎಲ್‌ಎಂಎಸ್ ಪಾಸು ಮಾಡಿದರು. ವೈದ್ಯ ಮತ್ತು ಶಸ್ತ್ರಚಿಕಿತ್ಸೆ ಎರಡಕ್ಕೂ ಪರವಾನಗಿ ಕೊಡುವ ಆ ಕಾಲದ ಡಾಕ್ಟರ್ ಪದವಿ ಅದು. ಇನ್ನಾದರೂ ಊರು ಕರೆಯುತ್ತೆ ಅಂತ ತಿರುವಾಂಕೂರಿಗೆ ಅರ್ಜಿ ಹಾಕಿದರು. ಈ ಸಲವೂ ಬೇಡ ಅಂದರು. ಬ್ರಿಟಿಷರ ಕಾಲೇಜು ಡಾಕ್ಟರ್ ಅಂತ ಒಪ್ಪಿದವರನ್ನು ಹುಟ್ಟಿದ ಸಂಸ್ಥಾನ ಈಳವ ಅಂತ ಮಾತ್ರ ನೋಡಿತು.

ಬೆಂಗಳೂರೇ ಮೊದಲ ಪರದೇಶ

ಆಮೇಲೆ ಅವರು ಬಂದದ್ದು ಮೈಸೂರು ಸಂಸ್ಥಾನದ ಕೆಲಸಕ್ಕೆ. ಆ ಕಾಲದಲ್ಲಿ ತಿರುವಾಂಕೂರು ಬೇರೆ ರಾಜ್ಯ, ಮೈಸೂರು ಬೇರೆ ರಾಜ್ಯ. ರಾಜ ಬೇರೆ, ಕಾನೂನು ಬೇರೆ, ಭಾಷೆಯೂ ಬೇರೆ. ಹಾಗೆ ನೋಡಿದರೆ ಪಲ್ಪು ಅವರ ಪಾಲಿಗೆ ಬೆಂಗಳೂರೇ ಮೊದಲ ಪರದೇಶ. ಆಗ ಇಲ್ಲಿ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅವರೂ ಮಲಬಾರಿನ ಪಾಲ್ಘಾಟ್ ಕಡೆಯವರೇ. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು, ಕೋಲಾರದ ಚಿನ್ನದ ಗಣಿ ಬೆಳೆದದ್ದು ಅವರ ಕಾಲದಲ್ಲಿ. ಸಂಸ್ಥಾನಕ್ಕೆ ಕಲಿತ ಡಾಕ್ಟರುಗಳು ಬೇಕಾಗಿದ್ದರು. ಜಾತಿ ಭೇದ ಮೈಸೂರಿನಲ್ಲೂ ಇತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಪಲ್ಪು ಅವರಿಗೆ ಬಾಗಿಲು ತೆರೆಯಿತು.

ಅವರಿಗೆ ಸಿಕ್ಕ ಕೆಲಸ ಸಿಡುಬಿನ ದಾಕಿಗೆ ಬೇಕಾದ ಲಿಂಫ್ ತಯಾರಿಸುವ ಕಡೆ. ನಮ್ಮ ಹಿರಿಯರ ತೋಳಿನ ಮೇಲೆ ಕಾಣೋ ಆ ದುಂಡು ಕಲೆ ನೆನಪಿಸಿಕೊಳ್ಳಿ, ಅದರದೇ ಕೆಲಸ. ಮೊದಲು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಕು ಹಾಕುತ್ತಿದ್ದರು. ಅದರಿಂದ ಬೇರೆ ರೋಗ ಅಂಟುವ ಭಯ ಇತ್ತು, ಜನ ಓಡಿಹೋಗುತ್ತಿದ್ದರು. ಆಮೇಲೆ ಕರುವಿನ ಚರ್ಮದ ಮೇಲೆ ದಾಕು ಬೆಳೆಸಿ, ಗುಳ್ಳೆಯಲ್ಲಿ ಬಂದದ್ದನ್ನು ಶುದ್ಧವಾಗಿ ತೆಗೆದು ಬಳಸುವ ಪದ್ಧತಿ ಬಂತು. ಇದರಲ್ಲಿ ಕಷ್ಟ ಅಂದರೆ ಬಿಸಿಲು. ಐಸ್ ಬಾಕ್ಸ್ ಇಲ್ಲ, ಫ್ರಿಡ್ಜ್ ಇಲ್ಲ. ಬೆಂಗಳೂರಿನಲ್ಲಿ ತಯಾರಾದ ಮದ್ದು ಎತ್ತಿನ ಗಾಡಿಯಲ್ಲಿ ತಾಲ್ಲೂಕಿಗೆ ಬರುವ ಹೊತ್ತಿಗೆ ಸತ್ವ ಕಳೆದುಕೊಂಡರೆ ಚುಚ್ಚಿದ್ದೂ ವ್ಯರ್ಥ. ಅಮ್ಮ ಬಂದಳು ಅಂತ ಬೇವಿನ ಸೊಪ್ಪು ಕಟ್ಟಿ ಕೂರುತ್ತಿದ್ದ ಊರುಗಳಿಗೆ ಕೆಡದ ದಾಕು ತಲುಪಿಸೋದು ಹೆಸರು ಬರುವ ಕೆಲಸ ಅಲ್ಲ. ಜೀವ ಉಳಿಸೋ ಕೆಲಸ.

ಕೆಲಸ ಇಲ್ಲಿ, ಹೋರಾಟ ಅಲ್ಲಿ

ನೌಕರಿ ಸಿಕ್ಕಿತು, ಸಂಬಳ ಬಂತು. ಸುಮ್ಮನೆ ಇರಬಹುದಿತ್ತು. ಪಲ್ಪು ಸುಮ್ಮನಿರಲಿಲ್ಲ. 1891ರ ಜನವರಿಯಲ್ಲಿ ತಿರುವಾಂಕೂರು ಮಹಾರಾಜರಿಗೆ ಒಂದು ದೊಡ್ಡ ಮನವಿ ಹೋಯಿತು. ಸರ್ಕಾರಿ ಕೆಲಸಗಳನ್ನು ಹೊರಗಿನವರಿಗೆ ಕೊಡ್ತೀರಿ, ಇಲ್ಲಿನವರಿಗೂ ಕೊಡಿ ಅನ್ನೋದು ಅದರ ಸಾರ. ಮಲಯಾಳಿ ಮೆಮೋರಿಯಲ್ ಅಂತ ಅದರ ಹೆಸರು. 10,000ಕ್ಕೂ ಹೆಚ್ಚು ಜನ ಸಹಿ ಹಾಕಿದ್ದ ಆ ಮನವಿಯಲ್ಲಿ ಮೂರನೇ ಸಹಿ ಪಲ್ಪು ಅವರದು. ಬಂದ ಉತ್ತರದಲ್ಲಿ ಈಳವರಿಗೆ ಏನೂ ಸಿಗಲಿಲ್ಲ. ಅವರು ತಮ್ಮ ಕುಲಕಸುಬಿನಲ್ಲೇ ಇರಲಿ ಅನ್ನೋ ಧಾಟಿ ಅದರಲ್ಲಿತ್ತು.

ಪಲ್ಪು ಬಿಡಲಿಲ್ಲ. ರಜೆ ಹಾಕಿ ಊರಿಗೆ ಹೋಗಿ, ಮನೆಮನೆ ತಿರುಗಿ, 1896ರ ಸೆಪ್ಟೆಂಬರಿನಲ್ಲಿ ಈಳವರದ್ದೇ ಒಂದು ಮನವಿ ಕೊಡಿಸಿದರು. ಅದಕ್ಕೆ ಬಿದ್ದ ಸಹಿ 13,176. ನಮ್ಮ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಸೇರಿಸಿಕೊಳ್ಳಿ, ಓದಿದವರಿಗೆ ಕೆಲಸ ಕೊಡಿ, ಇಷ್ಟೇ ಕೇಳಿದ್ದು. ಅದಕ್ಕೂ ಸರಿಯಾದ ಫಲ ಸಿಗಲಿಲ್ಲ. ಆಗ ಅವರು ಬ್ಯಾರಿಸ್ಟರ್ ಜಿ.ಪಿ. ಪಿಳ್ಳೆ ಅವರ ಮೂಲಕ ವಿಚಾರ ಲಂಡನ್ನಿನ ಪಾರ್ಲಿಮೆಂಟಿನ ತನಕ ಮುಟ್ಟುವ ಹಾಗೆ ಮಾಡಿದರು.

ಇಲಿ ಬಿದ್ದ ವರ್ಷ

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದದ್ದು ಅಂತ ದಾಖಲೆ. ಕೆಲವೇ ತಿಂಗಳಲ್ಲಿ ಪೇಟೆ ಖಾಲಿಯಾಯಿತು. ರೋಗ ನಮ್ಮ ಕೋಲಾರ ಸೀಮೆಗೂ ಹಬ್ಬಿತು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ದರು ಅಂತ ಅಜ್ಜಿಯರು ಹೇಳಿದ ಕಥೆ ಕೇಳಿದವರು ಈಗಲೂ ಇದ್ದಾರೆ. ಪ್ಲೇಗಮ್ಮನ ಗುಡಿಗಳು ಹುಟ್ಟಿದ್ದು ಅದೇ ದಿನಗಳಲ್ಲಿ.

ಸಂಸ್ಥಾನ ವಿ.ಪಿ. ಮಾಧವ ರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಊರಾಚೆ ಕ್ಯಾಂಪುಗಳು ಎದ್ದವು. ಅಂಥ ಕ್ಯಾಂಪಿನ ಹೊಣೆ ಹೊತ್ತವರಲ್ಲಿ ಡಾ. ಪಲ್ಪು ಒಬ್ಬರು. ತೊಡೆಸಂದಿಯಲ್ಲಿ, ಕಂಕುಳಲ್ಲಿ ಗಂಟು ಕಟ್ಟಿ, ಜ್ವರ ಏರಿ, ದಿನಗಳಲ್ಲಿ ಜೀವ ಹೋಗುವ ರೋಗ. ಮದ್ದು ಅಂತ ಏನೂ ಇರಲಿಲ್ಲ. ಹಿಂದಿನ ವರ್ಷವಷ್ಟೇ ಹಾಫ್‌ಕಿನ್ ಬೊಂಬಾಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದ್ದರು. ಜನಕ್ಕೆ ರೋಗಕ್ಕಿಂತ ಕ್ಯಾಂಪಿನ ಭಯ ಜಾಸ್ತಿ. ರೋಗಿಯನ್ನು ಅಟ್ಟದ ಮೇಲೆ ಬಚ್ಚಿಡೋರು, ಹೆಣವನ್ನು ರಾತ್ರೋರಾತ್ರಿ ಹೂಳೋರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ಆಯಿತು. ಎಷ್ಟೋ ಜನ ಡಾಕ್ಟರು, ಅಟೆಂಡರುಗಳು ಕ್ಯಾಂಪಿನ ಹತ್ತಿರ ಸುಳಿಯಲು ಹೆದರುತ್ತಿದ್ದ ಕಾಲದಲ್ಲಿ ಪಲ್ಪು ಅಲ್ಲೇ ನಿಂತರು. ತಾನು ಸತ್ತರೆ ಮನೆಯವರ ಗತಿ ಏನು ಅನ್ನೋ ಪ್ರಶ್ನೆ ಅವರಿಗೂ ಇತ್ತು. ಮನೆಯಲ್ಲಿ ಹೆಂಡತಿ, ಸಣ್ಣ ಮಕ್ಕಳು.

ಬೆಂಗಳೂರು ಇವತ್ತು ಇರೋ ರೂಪಕ್ಕೆ ಆ ಪ್ಲೇಗೂ ಒಂದು ಕಾರಣ. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೆಳೆದವು. 1897ರಲ್ಲಿ ವಾಣಿವಿಲಾಸ ಸನ್ನಿಧಾನದವರು ಕಲ್ಲು ಇಟ್ಟ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರಿನಲ್ಲಿ ಶುರುವಾಯಿತು. ಇವತ್ತಿಗೂ ಕೋಲಾರದಿಂದ ರೆಫರ್ ಆದ ರೋಗಿಗಳು ಹೋಗೋದು ಅಲ್ಲಿಗೇ.

ಇಂಗ್ಲೆಂಡಿನಲ್ಲಿ ಕಲಿತದ್ದೇನು?

ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಮೈಸೂರು ಸರ್ಕಾರ ಪಲ್ಪು ಅವರನ್ನು ಹೆಚ್ಚಿನ ತರಬೇತಿಗೆ ಇಂಗ್ಲೆಂಡಿಗೆ ಕಳಿಸಿತು. ಆಗ ಅವರಿಗೆ ಮೂವತ್ತೈದರ ಆಸುಪಾಸು. ಮಕ್ಕಳೊಂದಿಗ, ಹತ್ತು ವರ್ಷ ಕೆಲಸ ಮಾಡಿದ ಡಾಕ್ಟರು, ಮತ್ತೆ ವಿದ್ಯಾರ್ಥಿಯಾದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ಡಿಪಿಎಚ್ ಅಂತ ಅದರ ಹೆಸರು.

ಈ ಡಿಪ್ಲೊಮಾ ಸುಮ್ಮನೆ ಪುಸ್ತಕ ಓದಿ ಬರೆಯೋ ಪರೀಕ್ಷೆ ಆಗಿರಲಿಲ್ಲ. ಮೊದಲೇ ಡಾಕ್ಟರಾದವರಿಗೆ ಮಾತ್ರ ಪ್ರವೇಶ. ತಿಂಗಳುಗಟ್ಟಲೆ ಪ್ರಯೋಗಾಲಯದಲ್ಲಿ ಕೂತು ನೀರು, ಹಾಲು, ರೋಗಾಣು ಪರೀಕ್ಷೆ ಮಾಡೋದು ಕಲಿಯಬೇಕು. ಆಮೇಲೆ ಒಂದು ಊರಿನ ಹೆಲ್ತ್ ಆಫೀಸರ್ ಕೈಕೆಳಗೆ ತಿಂಗಳುಗಟ್ಟಲೆ ತಿರುಗಬೇಕು. ಚರಂಡಿ ಹೇಗೆ ಹರಿಯುತ್ತೆ, ಕಸಾಯಿಖಾನೆ ಹೇಗಿದೆ, ಸಾಂಕ್ರಾಮಿಕ ರೋಗಿಯನ್ನು ಎಲ್ಲಿಡಬೇಕು, ಸತ್ತವರ ಲೆಕ್ಕ ಹೇಗೆ ಬರೆದಿಡಬೇಕು, ಆ ಲೆಕ್ಕ ನೋಡಿ ಮುಂದಿನ ರೋಗ ಎಲ್ಲಿ ಹುಟ್ಟುತ್ತೆ ಅಂತ ಹೇಗೆ ಊಹಿಸಬೇಕು, ಇದೆಲ್ಲ ಕಣ್ಣಾರೆ ನೋಡಿ ಕೈಯಾರೆ ಮಾಡಿ ಕಲಿಯಬೇಕು.

ಅದು ವೈದ್ಯಶಾಸ್ತ್ರ ಮಗ್ಗುಲು ಬದಲಿಸುತ್ತಿದ್ದ ಕಾಲ. 1894ರಲ್ಲಿ ಯೆರ್ಸಿನ್ ಪ್ಲೇಗಿನ ರೋಗಾಣು ಕಂಡುಹಿಡಿದಿದ್ದರು. 1897ರಲ್ಲಿ ರೊನಾಲ್ಡ್ ರಾಸ್ ಮಲೇರಿಯಾ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ನೋಡಿದ್ದರು. ಈ ರಾಸ್ 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ಬೆಂಗಳೂರಿಗೇ ಬಂದಿದ್ದವರು. 1898ರಲ್ಲಿ ಸೈಮಂಡ್ ಎಂಬ ಫ್ರೆಂಚ್ ಡಾಕ್ಟರು ಪ್ಲೇಗು ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ ತೋರಿಸಿದರು, ಆದರೆ ಅದನ್ನು ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಕ್ಯಾಂಪಿನಲ್ಲಿ ಹೆಣಗಳ ನಡುವೆ ನಿಂತಿದ್ದ ಒಬ್ಬ ಡಾಕ್ಟರಿಗೆ ಈ ಪಾಠಗಳು ಬರೀ ಪಾಠಗಳಾಗಿ ಕಂಡಿರಲಾರವು.

ಹೊರಗಿನ ಅನುಭವ ಅಂದರೆ ಇದೇ. ಇಲ್ಲಿ ನೋಡಿದ ರೋಗಕ್ಕೆ ಅಲ್ಲಿ ಕಾರಣ ಹುಡುಕೋದು, ಅಲ್ಲಿ ಕಲಿತ ವಿಧಾನವನ್ನು ಇಲ್ಲಿನ ಬಾವಿ, ಚರಂಡಿ, ಸಂತೆಗೆ ಹೊಂದಿಸೋದು. ಏನೂ ನೋಡದೆ ಹೋದವನಿಗೆ ಅಲ್ಲಿ ಏನು ಕೇಳಬೇಕು ಅನ್ನೋದೇ ಗೊತ್ತಿರಲ್ಲ. ಪಲ್ಪು ಪ್ರಶ್ನೆ ಹೊತ್ತುಕೊಂಡು ಹೋಗಿದ್ದರು.

ಹೋದವರು ವಾಪಸ್ ಬಂದರು

ಕೇಂಬ್ರಿಡ್ಜ್ ಡಿಪ್ಲೊಮಾ ಇಟ್ಟುಕೊಂಡು ಅವರು ಬೆಂಗಳೂರಿಗೇ ವಾಪಸ್ಸು ಬಂದು ಊರಿನ ಹೆಲ್ತ್ ಆಫೀಸರ್ ಆಗಿ ದುಡಿದರು. ಹೆಲ್ತ್ ಆಫೀಸರ್ ಅಂದರೆ ಜನಕ್ಕೆ ಪ್ರೀತಿಯ ಹುದ್ದೆ ಅಲ್ಲ. ಅಂಗಡಿಯವರಿಗಂತೂ ಅಲ್ಲವೇ ಅಲ್ಲ. ಕೊಳೆತ ಹಣ್ಣು ಎಸೆಯಿರಿ, ಹಾಲಿಗೆ ನೀರು ಬೆರೆಸಬೇಡಿ, ಅಂಗಡಿ ಮುಂದಿನ ಮೋರಿ ಮುಚ್ಚಬೇಡಿ ಅಂತ ಹೇಳೋ ಮನುಷ್ಯನನ್ನು ಯಾರು ಇಷ್ಟಪಡ್ತಾರೆ? ಆದರೆ ಮುಂದಿನ ಸಲ ಇಲಿ ಬಿದ್ದಾಗ ಪೇಟೆ ಉಳಿಯೋದು ಇಂಥ ಬೇಸರದ ಕೆಲಸದಿಂದಲೇ. ಮೈಸೂರು ಸರ್ಕಾರದಲ್ಲಿ ಬೇರೆ ಹೊಣೆಗಳನ್ನೂ ಹೊತ್ತ ಅವರು ಮುಂದೆ ಬರೋಡ ಸಂಸ್ಥಾನದಲ್ಲೂ ಆರೋಗ್ಯದ ವಿಚಾರದಲ್ಲಿ ಸೇವೆ ಮಾಡಿದರು.

ಅವರ ಬೆಂಗಳೂರಿನ ಮನೆಯ ಬಾಗಿಲು ಸದಾ ತೆರೆದಿರುತ್ತಿತ್ತು. ಸ್ವಾಮಿ ವಿವೇಕಾನಂದರು ಷಿಕಾಗೋಗೆ ಹೋಗುವ ಮೊದಲು, 1892ರಲ್ಲಿ ಮೈಸೂರು ಸೀಮೆಗೆ ಬಂದಾಗ ಪಲ್ಪು ಅವರನ್ನು ಭೇಟಿಯಾದರು. ಬರೀ ಅರ್ಜಿ ಬರೆದರೆ ಸಾಲದು, ಜನ ನಂಬುವ ಒಬ್ಬ ಗುರುವಿನ ಸುತ್ತ ಸಮುದಾಯವನ್ನು ಕಟ್ಟಿ ಅಂತ ಸ್ವಾಮಿಗಳು ಸೂಚಿಸಿದರು ಎಂದು ಹೇಳ್ತಾರೆ. ಆ ಗುರು ಪಲ್ಪು ಅವರ ಊರಲ್ಲೇ ಇದ್ದರು, ಅವರೇ ಶ್ರೀ ನಾರಾಯಣ ಗುರು. ಇವತ್ತು ನಮ್ಮ ಜಿಲ್ಲೆಯಲ್ಲೂ ಅವರ ಜಯಂತಿ ನಡೆಯುತ್ತೆ. ನಾರಾಯಣ ಗುರುಗಳು ಕುಮಾರನ್ ಎಂಬ ಶಿಷ್ಯನನ್ನು ಪಲ್ಪು ಅವರ ಮನೆಗೆ ಒಪ್ಪಿಸಿದರು. ಚಿನ್ನಸ್ವಾಮಿ ಅಂತ ಕರೆಸಿಕೊಳ್ಳುತ್ತಿದ್ದ ಆ ಹುಡುಗ ಬೆಂಗಳೂರಿನ ಸಂಸ್ಕೃತ ಕಾಲೇಜಿನಲ್ಲಿ ಓದಿದ. ಮುಂದೆ ಮಲಯಾಳದ ದೊಡ್ಡ ಕವಿ ಕುಮಾರನ್ ಆಶಾನ್ ಆದ. ಇನ್ನೊಬ್ಬರಿಂದ ಬಾಗಿಲು ಹಾಕಿಸಿಕೊಂಡ ಮನುಷ್ಯ ತನ್ನ ಮನೆಯ ಬಾಗಿಲು ತೆರೆದಿಟ್ಟ.

1903ರ ಮೇ 15ರಂದು ಶ್ರೀ ನಾರಾಯಣ ಧರ್ಮ ಪರಿಪಾಲನಾ ಯೋಗಂ ಹುಟ್ಟಿತು. ನಾರಾಯಣ ಗುರುಗಳು ಅಧ್ಯಕ್ಷರು, ಆಶಾನ್ ಕಾರ್ಯದರ್ಶಿ, ಅದರ ಹಿಂದೆ ನಿಂತ ಶಕ್ತಿ ಪಲ್ಪು. ಓದು, ಸಂಘಟನೆ ಜೊತೆಗೆ ಕೈಗಾರಿಕೆಯೂ ಬೇಕು ಅನ್ನೋದು ಅವರ ಪಟ್ಟು. 1905ರಲ್ಲಿ ಕೊಲ್ಲಂನಲ್ಲಿ ಯೋಗಂ ಸಭೆಯ ಜೊತೆಗೇ ಕೈಗಾರಿಕೆ, ಬೇಸಾಯದ ಪ್ರದರ್ಶನವೂ ನಡೆಯಿತು. ಸ್ವಂತ ವ್ಯಾಪಾರ ಇಲ್ಲದ ಸಮುದಾಯಕ್ಕೆ ಸ್ವಂತ ಮಾತೂ ಇರಲ್ಲ ಅನ್ನೋದು ಅವರಿಗೆ ತಿಳಿದಿತ್ತು. ಬೆಂಗಳೂರಿನಲ್ಲಿ 1895ರಲ್ಲಿ ಹುಟ್ಟಿದ ಅವರ ಮಗ ನಟರಾಜನ್ ಮುಂದೆ ನಟರಾಜ ಗುರು ಆಗಿ, ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಡಾಕ್ಟರೇಟ್ ಮಾಡಿದರು. ಅಪ್ಪನ ಹಾಗೇ ಕಲಿತು ವಾಪಸ್ಸು ಬಂದರು.

ನಮ್ಮ ಮಕ್ಕಳಿಗೆ ಇದರಲ್ಲೇನಿದೆ

ಪಲ್ಪು ಅವರ ಕಾಲದಲ್ಲಿ ನೂರಾರು ಮೈಲಿ ಆಚೆ ಹೋದರೆ ಸಿಗುತ್ತಿದ್ದ ವೈದ್ಯ ಕಾಲೇಜು ಇವತ್ತು ಕೋಲಾರದ ಟಮಕದಲ್ಲೇ ಇದೆ. ಆದರೂ ಸೀಟಿನ ಲೆಕ್ಕ, ದುಡ್ಡಿನ ಲೆಕ್ಕ ಹಲವರನ್ನು ಹೊರದೇಶಕ್ಕೆ ಕಳಿಸುತ್ತೆ. ಹೋಗುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. 2021ರ ನಿಯಮದ ಪ್ರಕಾರ ಅಲ್ಲಿ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಓದಿದ ಸಂಸ್ಥೆಯಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಇಲ್ಲಿಗೆ ಬಂದು ಪರೀಕ್ಷೆ ಪಾಸಾಗಬೇಕು, ಮತ್ತೆ ಇಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ನಿಯಮದ ಒಳಗಿನ ಅರ್ಥ ಸರಳ. ಸರ್ಟಿಫಿಕೇಟು ಎಲ್ಲಿಂದಾದರೂ ಬರಬಹುದು, ರೋಗಿಯನ್ನು ಮುಟ್ಟಿ ನೋಡಿದ ಕೈ ಬೇಕು. ಹಾಗಾಗಿ ಏಜೆಂಟರ ಹತ್ತಿರ ಫೀಸು ಕೇಳುವಾಗ ಇದನ್ನೂ ಕೇಳಿ: ಆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ನಮ್ಮ ಹುಡುಗ ಅಲ್ಲಿನ ರೋಗಿಯ ಭಾಷೆ ಯಾವಾಗ ಕಲಿಯುತ್ತಾನೆ, ವಾರ್ಡಿನಲ್ಲಿ ಎಷ್ಟು ದಿನ ನಿಲ್ಲುತ್ತಾನೆ?

ಪಲ್ಪು ಬಹಳ ಕಾಲ ಬದುಕಿದರು. 1936ರ ನವೆಂಬರಿನಲ್ಲಿ ತಿರುವಾಂಕೂರಿನ ದೇವಸ್ಥಾನಗಳ ಬಾಗಿಲು ಎಲ್ಲ ಹಿಂದೂ ಜಾತಿಗಳಿಗೂ ತೆರೆದದ್ದನ್ನು ನೋಡಿದರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದನ್ನೂ ನೋಡಿದರು. 1950ರ ಜನವರಿ 25ರಂದು, ಎಂಬತ್ತಾರನೇ ವಯಸ್ಸಿನಲ್ಲಿ ತೀರಿಕೊಂಡರು.

ಮರುದಿನ ಬೆಳಗ್ಗೆ ಭಾರತದ ಸಂವಿಧಾನ ಜಾರಿಗೆ ಬಂತು. ಜಾತಿ ನೋಡಿ ಯಾರಿಗೂ ಸರ್ಕಾರಿ ಕೆಲಸ ನಿರಾಕರಿಸುವಂತಿಲ್ಲ ಅಂತ ಅದರಲ್ಲಿ ಬರೆದಿತ್ತು.